ಕಿಕ್ಕಿಗೆ ಓಗೊಡದ ಹಳೆಯ ಗಾಡಿ



ಮನೆಯಲ್ಲಿ ಹಿರಿಯರು ಬಿಟ್ಟುಹೋದ ವಸ್ತುಗಳಲ್ಲಿ ಎರಡು ಬಗೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟು ಕಾಪಾಡಬಹುದಾದವು ಕೆಲವು. ದಿನವೂ ಬಳಸಿದರೆ ಮಾತ್ರ ಉಳಿಯತಕ್ಕವು ಇನ್ನು ಕೆಲವು. ಹಳೆಯ ಮೋಟಾರ್ ಸೈಕಲ್ಲು ಎರಡನೆಯ ಬಗೆಗೆ ಸೇರಿದ್ದು. ಈ ಮಾತು ನಮಗೆ ಮನವರಿಕೆಯಾಗಲು ನಮ್ಮ ತಂದೆಯವರ ಯೆಜ್ಡಿ ಗಾಡಿ ಹದಿನಾಲ್ಕು ತಿಂಗಳು ಷೆಡ್ಡಿನ ಮೂಲೆಯಲ್ಲಿ ನಿಲ್ಲಬೇಕಾಯಿತು.

ತಂದೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದವರು. ನೆಲಮಂಗಲದ ಕಡೆಯ ನಮ್ಮ ಹಳ್ಳಿಯಿಂದ ತುಮಕೂರು ರಸ್ತೆಯಲ್ಲಿ ಪಾಳಿಗೆ ಹೋಗಿಬರಲು 1986ರಲ್ಲಿ ಆ ಗಾಡಿಯನ್ನು ಕೊಂಡರು. ಮುಂದೆ ದಾಸರಹಳ್ಳಿಯಲ್ಲಿ ಮನೆ ಕಟ್ಟಿದ ಮೇಲೂ ಗಾಡಿಯನ್ನು ಬಿಡಲಿಲ್ಲ. ಶಿವರಾತ್ರಿಯ ಜಾತ್ರೆಗೆ ಸಿದ್ಧಗಂಗೆಗೆ ತಾಯಿಯವರನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದುದು ಅದರಲ್ಲಿಯೇ. ಅವರು ಲಿಂಗೈಕ್ಯರಾದ ಮೇಲೆ ಗಾಡಿಗೆ ಒಂದು ಹಳೆಯ ಜಮಖಾನ ಹೊದಿಸಿ ನಿಲ್ಲಿಸಿದೆವು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗ ಒಂದು ಭಾನುವಾರ ಅದನ್ನು ಹೊರಗೆ ತಳ್ಳಿ ಐವತ್ತು ಸಲ ಕಿಕ್ ಹೊಡೆದರೂ ಅದು ಓಗೊಡಲಿಲ್ಲ. ಹತ್ತಿರದ ಒಂದು ಗ್ಯಾರೇಜಿನವರು ಹೊಸ ಪ್ಲಗ್ಗು ಹಾಕಿದರು, ಕಾರ್ಬೊರೇಟರನ್ನೇ ಬದಲಿಸಿದರು, ಮೂರು ಸಾವಿರಕ್ಕೂ ಮಿಕ್ಕಿ ಹಣ ಪಡೆದರು. ಕೊನೆಗೆ "ಎಂಜಿನ್ ಹೋಗಿದೆ, ರೀಬೋರ್ ಆಗಬೇಕು, ಇದರ ಬದಲು ಗುಜರಿಗೆ ಕೊಡಿ" ಎಂದು ಸಲಹೆಯನ್ನೂ ಕೊಟ್ಟರು.

ಗುಜರಿಯವನೊಬ್ಬ ಬಂದು ಬೆಲೆ ಹೇಳಿಹೋದ ದಿನ ತಾಯಿಯವರು ಊಟ ಮಾಡಲಿಲ್ಲ. ಸಂಜೆ ಮೊಮ್ಮಗನನ್ನು ಕರೆದು, "ಮಾರುವುದಾದರೆ ಮಾರಪ್ಪ, ನಾನು ಬೇಡ ಅನ್ನುವುದಿಲ್ಲ. ಆದರೆ ಓಡುವ ಗಾಡಿಯಾಗಿ ಮಾರು. ನಿಮ್ಮ ತಾತ ಅದನ್ನು ಕೆಟ್ಟ ಗಾಡಿಯಾಗಿ ಒಂದು ರಾತ್ರಿಯೂ ಬಿಟ್ಟವರಲ್ಲ" ಎಂದರು. ಆ ಮಾತಿನ ಮುಂದೆ ನಾವು ಸುಮ್ಮನಾದೆವು.

ಈ ಗಾಡಿಯ ಹುಟ್ಟೂರನ್ನು ಇಂದಿನ ಮಕ್ಕಳಿಗೆ ಹೇಳಬೇಕಾದ ಕಾಲ ಬಂದಿದೆ. ಜಾವಾ ಎಂಬುದು 1929ರಲ್ಲಿ ಅಂದಿನ ಜೆಕೊಸ್ಲೊವಾಕಿಯಾದಲ್ಲಿ ಆರಂಭವಾದ ಸಂಸ್ಥೆ. ಅದರ ಗಾಡಿಗಳನ್ನು ನಮ್ಮ ನಾಡಿನಲ್ಲಿಯೇ ತಯಾರಿಸಲು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿ, 1961ರಲ್ಲಿ ಉತ್ಪಾದನೆ ತೊಡಗಿತು. 1970ರ ದಶಕದಲ್ಲಿ ಅಲ್ಲಿಂದ ಬಂದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆಯಾದರೂ ಅವು ಬೇರೆಯೇ ಎಂಜಿನ್ನಿನವು. ಹಳೆಯ ಯೆಜ್ಡಿ 250 ಸಿ.ಸಿ.ಯ ಟೂ ಸ್ಟ್ರೋಕ್ ಗಾಡಿ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಎಡಗಾಲ ಬಳಿಯ ಗೇರ್ ಲಿವರನ್ನೇ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವ ಜಾಣತನ ಅದರದು. ನಮ್ಮ ಗಾಡಿಯಲ್ಲಿ ಕಿಡಿ ಹುಟ್ಟುವುದು 6 ವೋಲ್ಟ್ ಬ್ಯಾಟರಿಯ ಬಲದಿಂದ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ತಂದೆಯವರ ಕೈಕೆಳಗೆ ಕೆಲಸ ಕಲಿತು, ಈಗ ನಿವೃತ್ತರಾಗಿರುವ ಫಿಟ್ಟರ್ ಒಬ್ಬರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ವಿಷಯ ತಿಳಿದು ತಾವಾಗಿಯೇ ಬಂದರು. ಕೈಯಲ್ಲಿ ಇದ್ದುದು ಒಂದು ಪ್ಲಗ್ ಸ್ಪ್ಯಾನರು, ಸ್ಕ್ರೂಡ್ರೈವರು, ಫೀಲರ್ ಗೇಜು, ವೋಲ್ಟ್ ನೋಡುವ ಮೀಟರು ಮತ್ತು ಒಂದು ಗಾಜಿನ ಸೀಸೆ. "ಅಣ್ಣಾವ್ರೇ, ಎಂಜಿನ್ನಿಗೆ ಬೇಕಾದ್ದು ಮೂರೇ. ಪೆಟ್ರೋಲು, ಕಿಡಿ, ಒತ್ತಡ. ಮೂರರಲ್ಲಿ ಯಾವುದಿಲ್ಲ ಅಂತ ತಿಳಿಯುವ ಮೊದಲು ಒಂದು ರೂಪಾಯಿಯ ಸಾಮಾನನ್ನೂ ಬದಲಿಸಬಾರದು" ಎಂದರು. ಅವರು ಎರಡು ದಿನ ಮಾಡಿದ ಪರೀಕ್ಷೆಯ ಕ್ರಮವನ್ನು, ಹಳೆಯ ಗಾಡಿ ಇರುವ ಎಲ್ಲ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತೇವೆ.

ಎಲ್ಲಕ್ಕೂ ಮೊದಲು ಎಚ್ಚರಿಕೆ. ಗಾಡಿಯನ್ನು ಬಯಲಿಗೆ ತಂದು ನಿಲ್ಲಿಸಬೇಕು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆಯೇ ಪ್ರಾಣ ತೆಗೆಯಬಲ್ಲದು. ಹತ್ತಿರದಲ್ಲಿ ದೀಪ, ಬೀಡಿ, ಒಲೆ ಯಾವುದೂ ಇರಕೂಡದು, ಮಕ್ಕಳನ್ನು ದೂರವಿರಿಸಬೇಕು. ಗಾಡಿ ನ್ಯೂಟ್ರಲ್ಲಿನಲ್ಲಿದೆಯೇ ಎಂದು ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡತಕ್ಕದ್ದು.

ಮೊದಲ ಪರೀಕ್ಷೆ ಪೆಟ್ರೋಲಿನದು. ಫಿಟ್ಟರ್ ಮಹಾಶಯರು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಪೆಟ್ರೋಲಿನ ವಾಸನೆಯ ಬದಲು ಹಳೆಯ ವಾರ್ನಿಷಿನ ವಾಸನೆ ಹೊಡೆಯಿತು. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಅಂಶ ಆರಿಹೋಗಿ ಅಂಟಿನಂಥ ಕಸರು ಉಳಿಯುತ್ತದೆ. ಇಂದಿನ ಪೆಟ್ರೋಲಿಗೆ ಇನ್ನೊಂದು ಗುಣವೂ ಸೇರಿದೆ. 2023ರ ಫೆಬ್ರವರಿ 6ರಂದು, ನಮ್ಮ ಪೀಣ್ಯದ ಆಚೆ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಇಂಧನ ಸಪ್ತಾಹದಲ್ಲಿ, ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಮಂತ್ರಿಗಳು ಚಾಲನೆ ನೀಡಿದರು. ಮೊದಲು 84 ಬಂಕುಗಳಲ್ಲಿ ದೊರೆತ ಅದು ಈಗ ದೇಶದ ಎಲ್ಲೆಡೆ ಹರಡಿದೆ. ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಸ್ವಭಾವ. ನಿತ್ಯ ಓಡುವ ಗಾಡಿಯಲ್ಲಿ ಅದು ನಿಲ್ಲದೆ ಉರಿದುಹೋಗುತ್ತದೆ. ನಿಂತ ಗಾಡಿಯಲ್ಲಿ ತೇವ ಸೇರಿ ಟ್ಯಾಂಕಿಗೆ ತುಕ್ಕು ಹಿಡಿಯಲು ಎಡೆಯಾಗುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆಗಳೂ ವಾಷರುಗಳೂ ಅದಕ್ಕೆ ಮೆತ್ತಗಾಗಬಹುದು. ಆದಕಾರಣ ತಿಂಗಳಿಗಿಂತ ಹೆಚ್ಚು ನಿಲ್ಲಿಸುವ ಗಾಡಿಯ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬರಿದು ಮಾಡುವುದು ಲೇಸು.

ಹಳೆಯ ಪೆಟ್ರೋಲನ್ನು ಸುರಿದು, ನಲ್ಲಿಯ ಜಾಲರಿ ತೊಳೆದು, ಒಂದು ಲೀಟರ್ ಹೊಸ ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆ ಬೆರೆಸಿ ಹಾಕಿದೆವು. ಈ ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನೊಂದಿಗೇ ಹೋಗಬೇಕು. ಲೀಟರಿಗೆ 30ರಿಂದ 40 ಮಿಲಿಲೀಟರ್ ಹಾಕುವುದು ರೂಢಿ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಕೊಳವೆಯನ್ನು ಕಾರ್ಬೊರೇಟರಿನಿಂದ ಬಿಡಿಸಿ ಸೀಸೆಗೆ ಹಿಡಿದು ನಲ್ಲಿ ತಿರುಗಿಸಿದಾಗ ಧಾರೆ ಕಡಿಯದೆ ಬಿತ್ತು. ಮತ್ತೆ ಜೋಡಿಸಿ ಕಿಕ್ ಹೊಡೆದರೂ ಎಂಜಿನ್ ಮಾತ್ರ ಏಳಲಿಲ್ಲ.

ಎರಡನೆಯದು ಪ್ಲಗ್ಗಿನ ಪರೀಕ್ಷೆ. ಇಡೀ ವಿದ್ಯೆಯ ಬೀಗದ ಕೈ ಇದೇ ಎಂದು ನಮಗೆ ಅನಿಸಿದೆ. ಹತ್ತು ಸಲ ಕಿಕ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ ಅದರ ತುದಿಯನ್ನು ನೋಡಬೇಕು. ತುದಿ ಒಣಗಿದ್ದರೆ ಪೆಟ್ರೋಲ್ ಒಳಗೆ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ತಲುಪಿದೆ, ಆದರೆ ಹೊತ್ತಿಕೊಂಡಿಲ್ಲ. ನಮ್ಮ ಪ್ಲಗ್ಗು ಚೆನ್ನಾಗಿ ಒದ್ದೆಯಾಗಿತ್ತು. ಎಂದಮೇಲೆ ಈಗಿನ ದೋಷ ಕಾರ್ಬೊರೇಟರಿನದಲ್ಲ. ಹಳೆಯ ಕಾರ್ಬೊರೇಟರು ಕೆಟ್ಟಿತ್ತೇ ಎಂದು ನೋಡದೆ ಬದಲಿಸಿದ್ದರ ಬೆಲೆ ನಮಗೆ ಅರಿವಾಯಿತು. ಅದನ್ನು ಗ್ಯಾರೇಜಿನಿಂದ ಮರಳಿ ತಂದು ತೊಳೆದು ಇಟ್ಟುಕೊಂಡಿದ್ದೇವೆ.

ಪ್ಲಗ್ ಬಿಚ್ಚಿದ್ದಾಗಲೇ ಒತ್ತಡವನ್ನೂ ನೋಡಿಬಿಡುವುದು ಉಚಿತ. ಕೀಲಿ ಮುಚ್ಚಿ, ಪ್ಲಗ್ಗಿನ ರಂಧ್ರಕ್ಕೆ ಹೆಬ್ಬೆರಳನ್ನು ಒತ್ತಿ ಹಿಡಿದು ಇನ್ನೊಬ್ಬರಿಂದ ಕಿಕ್ ಹೊಡೆಸಿದರೆ, ಒಳಗಿನ ಗಾಳಿ ಬೆರಳನ್ನು ಬಲವಾಗಿ ತಳ್ಳಿಬಿಡಬೇಕು. ಸುಮ್ಮನೆ ಉಸಿರುಬಿಟ್ಟಂತಾದರೆ ಸಿಲಿಂಡರು, ರಿಂಗುಗಳು ಸವೆದಿವೆ ಎಂದು ಶಂಕಿಸಬೇಕು. ನಮ್ಮ ಮಗನ ಬೆರಳು 'ಫಟ್' ಎಂದು ಹಾರಿತು. ಫಿಟ್ಟರ್ ನಕ್ಕು, "ನೋಡಪ್ಪ, ನಿಮ್ಮ ತಾತನ ಎಂಜಿನ್ ಹೋಗಿಲ್ಲ" ಎಂದರು. ಜಗಲಿಯ ಮೇಲೆ ಕುಳಿತಿದ್ದ ತಾಯಿಯವರು ಆ ಮಾತನ್ನು ಕೇಳಿ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು.

ಉಳಿದದ್ದು ಕಿಡಿ. ಪ್ಲಗ್ಗನ್ನು ಅದರ ಟೊಪ್ಪಿಗೆಗೆ ಸೇರಿಸಿ, ಲೋಹದ ಭಾಗ ಸಿಲಿಂಡರ್ ತಲೆಗೆ ಚೆನ್ನಾಗಿ ತಾಗುವಂತೆ ಇಟ್ಟು, ಕೀಲಿ ಹಾಕಿ ಕಿಕ್ ಹೊಡೆದು ನೋಡಬೇಕು. ಪ್ಲಗ್ಗನ್ನು ಕೈಯಲ್ಲಿ ಹಿಡಿಯಬಾರದು. ಬಿಚ್ಚಿದ ರಂಧ್ರದಿಂದ ಪೆಟ್ರೋಲಿನ ಆವಿ ಬರುತ್ತಿರುತ್ತದಾಗಿ ಅಲ್ಲಿಂದ ದೂರವಿಡಬೇಕು, ರಂಧ್ರದ ಮೇಲೆ ಬಟ್ಟೆ ಮುಚ್ಚಬೇಕು. ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಆರೋಗ್ಯದ ಗುರುತು. ನಮಗೆ ಕಂಡದ್ದು ನೆರಳಿನಲ್ಲಿಯೂ ಹುಡುಕಬೇಕಾದ ಒಂದು ಕೆಂಪು ಎಳೆ.

ಬ್ಯಾಟರಿಗೆ ಮೀಟರು ಹಿಡಿದಾಗ 5 ವೋಲ್ಟಿಗೂ ಕೆಳಗಿತ್ತು. ತುಂಬಿದ 6 ವೋಲ್ಟ್ ಬ್ಯಾಟರಿ 6.3ರ ಆಸುಪಾಸು ತೋರಬೇಕು. ಬ್ಯಾಟರಿಯಿಂದ ಕಿಡಿ ಪಡೆಯುವ ಹಳೆಯ ಗಾಡಿಗಳಲ್ಲಿ ಬ್ಯಾಟರಿ ಸತ್ತರೆ ಹಾರನ್ನು, ದೀಪಗಳು ಮಾತ್ರವಲ್ಲ, ಎಂಜಿನ್ನೂ ಸಾಯುತ್ತದೆ. ಇಂದಿನ ಗಾಡಿಗಳನ್ನಷ್ಟೇ ಬಲ್ಲವರು "ಕಿಕ್ ಇದೆಯಲ್ಲ, ಬ್ಯಾಟರಿ ಏಕೆ?" ಎಂದು ಇಲ್ಲಿಯೇ ಎಡವುತ್ತಾರೆ. ರಾತ್ರಿಯಿಡೀ ಚಾರ್ಜಿಗೆ ಹಾಕಿದೆವು. ಅದು ತಂದೆಯವರು ಕೊನೆಯ ವರ್ಷದಲ್ಲಿ ಹಾಕಿಸಿದ್ದ ಬ್ಯಾಟರಿಯಾದ್ದರಿಂದ ಜೀವ ಹಿಡಿಯಿತು.

ಮರುದಿನ ಕಿಡಿ ಹಳದಿಗೆ ತಿರುಗಿತೇ ಹೊರತು ನೀಲಿಯಾಗಲಿಲ್ಲ. ಆಗ ಫಿಟ್ಟರ್ ಎಂಜಿನ್ನಿನ ಬಲಬದಿಯ ಮುಚ್ಚಳ ಬಿಚ್ಚಿ ಸಿಬಿ ಪಾಯಿಂಟುಗಳನ್ನು ತೋರಿಸಿದರು. ಇವು ಬೇಳೆಯಷ್ಟು ಸಣ್ಣ ಎರಡು ಲೋಹದ ಬಿಲ್ಲೆಗಳು. ಎಂಜಿನ್ ಸುತ್ತುವಾಗ ತೆರೆದುಕೊಂಡು ಮುಚ್ಚಿಕೊಳ್ಳುತ್ತವೆ; ತೆರೆದ ಗಳಿಗೆಯಲ್ಲಿ ಕಾಯಿಲಿನ ವಿದ್ಯುತ್ ಜಿಗಿದು ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ನಿಂತ ಗಾಡಿಯಲ್ಲಿ ಅವುಗಳ ಮೇಲೆ ಬಿಳಿಯ ಕಿಲುಬು ಕಟ್ಟಿತ್ತು. ಅಂತರವೂ ಇಲ್ಲವೆನ್ನುವಷ್ಟು ಕಿರಿದಾಗಿತ್ತು. ನುಣುಪಾದ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ತೆರೆದಾಗ ಸುಮಾರು 0.4 ಮಿಲಿಮೀಟರ್ ಅಂತರ ಬರುವಂತೆ ಫೀಲರ್ ಗೇಜಿನಿಂದ ಹೊಂದಿಸಿದರು. ಪ್ಲಗ್ಗಿನ ಅಂತರವನ್ನೂ 0.6 ಮಿಲಿಮೀಟರಿಗೆ ಇಟ್ಟರು. ಪಾಯಿಂಟುಗಳ ನಡುವೆ ದೊಡ್ಡ ಕಿಡಿ ಹಾರಿ ಪ್ಲಗ್ಗಿನಲ್ಲಿ ಮಾತ್ರ ಮಂದವಾಗಿದ್ದರೆ ಕಂಡೆನ್ಸರ್ ಕೆಟ್ಟಿದೆ ಎಂದು ತಿಳಿಯಬೇಕು. ಅದು ಅಗ್ಗದ ಸಾಮಾನು. ನಮಗೆ ಆ ಕಷ್ಟ ಬರಲಿಲ್ಲ. ಈ ಸಲ ಪ್ಲಗ್ಗಿನಲ್ಲಿ ನೀಲಿ ಕಿಡಿ ಕಂಡಿತು.

ಹಿಂದಿನ ಒದೆತಗಳಿಂದ ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿತ್ತು. ಇಂಥಲ್ಲಿ ನಲ್ಲಿ ಮುಚ್ಚಿ, ಕೀಲಿ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಸಲ ಕಿಕ್ ಹೊಡೆದರೆ ಹೆಚ್ಚಿನದು ಹೊರಬೀಳುತ್ತದೆ. ಹಾಗೆ ಮಾಡಿ, ಪ್ಲಗ್ಗನ್ನು ಒಣಗಿಸಿ ಹಾಕಿ, ನಲ್ಲಿ ತೆರೆದು ಕಿಕ್ ಹೊಡೆದಾಗ ಮೂರನೆಯ ಒದೆತಕ್ಕೆ ಎರಡೂ ಸೈಲೆನ್ಸರಿನಿಂದ ಬಿಳಿಯ ಹೊಗೆ ಎದ್ದು, ಬೀದಿಗೆಲ್ಲ ಪರಿಚಿತವಾದ ಆ ಸದ್ದು ಕೇಳಿಸಿತು. ತಾಯಿಯವರು ಜಗಲಿಯ ಕಂಬ ಹಿಡಿದು ನಿಂತಿದ್ದರು. ಅವರೂ ಮಾತನಾಡಲಿಲ್ಲ, ನಾವೂ ಮಾತನಾಡಿಸಲಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಮಗ ಉತ್ಸಾಹದಿಂದ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿ ಹೊರಟವನು ಜಾಲಹಳ್ಳಿ ಕ್ರಾಸಿನ ಬಳಿ, ಮೆಟ್ರೋ ಸೇತುವೆಯ ಕೆಳಗೆ ನಿಂತುಬಿಟ್ಟ. ಗಾಡಿ ಕೆಮ್ಮಿ ಕೆಮ್ಮಿ ಸುಮ್ಮನಾಗಿತ್ತು. ಫೋನಿನಲ್ಲಿ ಅವನ ಸ್ವರ ಇಳಿದುಹೋಗಿತ್ತು. "ಅಪ್ಪಾಜಿ, ಇದು ಆಗುವ ಹೋಗುವ ಮಾತಲ್ಲ" ಎಂದ. ಫಿಟ್ಟರ್ ಫೋನ್ ತೆಗೆದುಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಪ್ಲಗ್ ಒದ್ದೆಯೋ ಒಣವೋ?" ಬಿಚ್ಚಿ ನೋಡಿದ ಮಗ ಒಣಗಿದೆ ಎಂದ. ಅಂದರೆ ಈ ಸಲದ ರೋಗ ಬೇರೆ, ಕಿಡಿಯದಲ್ಲ, ಪೆಟ್ರೋಲಿನದು. "ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಡು" ಎಂದರು. ಮುಚ್ಚಳ ತಿರುಗಿಸುತ್ತಲೇ 'ಸುಯ್' ಎಂದು ಗಾಳಿ ಒಳನುಗ್ಗಿತಂತೆ.

ಕಾರಣ ಸರಳವಾದದ್ದು. ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣದೊಂದು ರಂಧ್ರವಿರುತ್ತದೆ. ನಿಂತ ಗಾಡಿಯ ಆ ರಂಧ್ರದಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಮೆತ್ತಿತ್ತು. ಟ್ಯಾಂಕಿನಲ್ಲಿ ಒಂದೇ ಲೀಟರ್ ಇದ್ದಾಗ ಒಳಗೆ ಬೇಕಾದಷ್ಟು ಗಾಳಿ ಇದ್ದುದರಿಂದ ದೋಷ ಕಾಣಲಿಲ್ಲ. ಅಂಚಿನವರೆಗೆ ತುಂಬಿಸಿದ ಮೇಲೆ ಗಾಳಿಗೆ ಜಾಗವೇ ಇಲ್ಲದೆ ಪೆಟ್ರೋಲ್ ಇಳಿಯುವುದು ನಿಂತಿತು. ಮಗ ಒಂದು ಪಿನ್ನಿನಿಂದ ರಂಧ್ರ ಬಿಡಿಸಿಕೊಂಡು ಹತ್ತು ನಿಮಿಷದಲ್ಲಿ ಮನೆಗೆ ಬಂದ. ಆ ದಿನ ಅವನ ಮುಖದಲ್ಲಿ ನಮಗೆ ತಂದೆಯವರ ಹೋಲಿಕೆ ಕಂಡಿತೆಂದರೆ ಓದುಗರು ನಗಬಾರದು.

ಇಷ್ಟೆಲ್ಲ ಮಾಡಿಯೂ ಏಳದ ಗಾಡಿಗಳಿರುತ್ತವೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಇಕ್ಕೆಲದ ಎಣ್ಣೆ ಸೀಲುಗಳು ಒಣಗಿ ಬಿರಿದರೆ ಹೊರಗಿನ ಗಾಳಿ ಸೇರಿ ಮಿಶ್ರಣ ಕೆಡುತ್ತದೆ. ಗೇರಿನ ಎಣ್ಣೆ ಒಳಸೇರಿ ಬಿಳಿ ಹೊಗೆ ನಿಲ್ಲದೆ ಬರುತ್ತದೆ. ಸೈಲೆನ್ಸರಿನಲ್ಲಿ ಮಸಿ ಗಟ್ಟಿಯಾಗಿ ಹೊಗೆಗೆ ದಾರಿಯಿಲ್ಲದಿದ್ದರೂ ಎಂಜಿನ್ ಉಸಿರುಗಟ್ಟುತ್ತದೆ. ಇವು ಮನೆಯಲ್ಲಿ ಮಾಡುವ ಕೆಲಸಗಳಲ್ಲ. ಬಲ್ಲವರ ಕೈಗೆ ಕೊಡಬೇಕು. ಸಿಲಿಂಡರ್ ಕೊರೆಯುವ, ಬುಷ್ ಕಡೆಯುವ ಸಣ್ಣ ಕಾರ್ಖಾನೆಗಳು ಪೀಣ್ಯದಲ್ಲಿ ಇಂದಿಗೂ ಇವೆ, ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಇದೆ, ಈ ಗಾಡಿಯನ್ನು ಕಣ್ಣುಮುಚ್ಚಿ ಬಿಚ್ಚಬಲ್ಲ ಹಿರಿಯ ಮೆಕ್ಯಾನಿಕರು ಮೈಸೂರಿನಲ್ಲಿ ಇದ್ದಾರೆ. ಯಾರಲ್ಲಿಗೆ ಹೋದರೂ "ಯಾವ ಪರೀಕ್ಷೆಯಿಂದ ಈ ದೋಷ ತಿಳಿಯಿತು?" ಎಂದು ವಿನಯದಿಂದ ಕೇಳಿರಿ. ಉತ್ತರ ಹೇಳಬಲ್ಲವರಿಗೆ ಗಾಡಿ ಕೊಡಿರಿ.

ಇನ್ನೊಂದು ಮಾತನ್ನು ಗೃಹಸ್ಥರು ಮರೆಯಬಾರದು. ನಮ್ಮಿಂದಲೂ ಆದ ತಪ್ಪು ಅದು. ಮಾಲೀಕರು ತೀರಿಕೊಂಡಾಗ ವಾಹನವನ್ನು ಪಡೆದ ವಾರಸುದಾರರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ತಮ್ಮ ಹೆಸರಿಗೆ ವರ್ಗಾವಣೆ ಕೋರಬೇಕು. ದುಃಖದಲ್ಲಿ ನಾವು ಅದನ್ನು ಮರೆತು, ಆಮೇಲೆ ಓಡಾಡಬೇಕಾಯಿತು. ಖಾಸಗಿ ದ್ವಿಚಕ್ರ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆ ಬಳಿಕ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ವಿಮೆ, ಹೊಗೆ ತಪಾಸಣೆಯ ಪತ್ರ, ಬ್ರೇಕು, ಟೈರು ಇವು ಸರಿಯಿಲ್ಲದೆ ಎಂಜಿನ್ ಎದ್ದಿತೆಂದು ತುಮಕೂರು ರಸ್ತೆಗೆ ಇಳಿಯಕೂಡದು. ಜಾಲಹಳ್ಳಿ ಕ್ರಾಸಿನಲ್ಲಿ ನಿಂತುಹೋದ ದಿನ ನಮ್ಮ ಮಗ ಇಳಿದದ್ದು ಹಾಗೆಯೇ. ಅಂದು ಅನಾಹುತವಾಗದಿದ್ದುದು ನಮ್ಮ ಪುಣ್ಯವೇ ಹೊರತು ಜಾಣತನವಲ್ಲ. ಈಗ ಎಲ್ಲವನ್ನೂ ಕ್ರಮಪಡಿಸಿದ್ದೇವೆ.

ಲೆಕ್ಕ ನೋಡಿದರೆ, ಎರಡು ದಿನದ ಈ ಚಿಕಿತ್ಸೆಗೆ ತಗುಲಿದ ಖರ್ಚು ಪೆಟ್ರೋಲು, ಎಣ್ಣೆ ಮತ್ತು ಒಂದು ತುಂಡು ಎಮರಿ ಕಾಗದದ್ದು. ಫಿಟ್ಟರ್ ಕೂಲಿ ಮುಟ್ಟಲಿಲ್ಲ. ಒತ್ತಾಯಿಸಿದಾಗ, "ಪಾಯಿಂಟು ಹೊಂದಿಸುವುದನ್ನು ಈ ಕೈಗೆ ಕಲಿಸಿದವರು ಇದೇ ಗಾಡಿಯ ಯಜಮಾನರು" ಎಂದರು. ತಂದೆಯವರು ನಮಗೆ ಏಕೆ ಕಲಿಸಲಿಲ್ಲ ಎಂದು ಯೋಚಿಸಿದೆವು. ಅವರು ಕಲಿಸಲು ಕರೆದಾಗಲೆಲ್ಲ ನಮಗೆ ಬೇರೆ ಕೆಲಸವಿರುತ್ತಿತ್ತು ಎಂಬುದು ಆಮೇಲೆ ನೆನಪಾಯಿತು.

ಗಾಡಿ ಈಗ ಓಡುವ ಗಾಡಿ. ತಾಯಿಯವರ ಷರತ್ತು ತೀರಿದೆ, ಮಾರಬಹುದು. ಮಗನನ್ನು ಕೇಳಿದಾಗ, "ಅಜ್ಜಿ, ದಾಸರಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಇದರಲ್ಲಿ ಹೋಗಲಾಗುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ನಾನೇ ಓಡಿಸುತ್ತೇನೆ" ಎಂದ. ತಾಯಿಯವರು, "ಓಡಿಸುವುದಾದರೆ ಇಟ್ಟುಕೋ. ನಿಲ್ಲಿಸುವುದಾದರೆ ಆ ಫಿಟ್ಟರಪ್ಪನಿಗೆ ಕೊಟ್ಟುಬಿಡು" ಎಂದು ಹೇಳಿ ಒಳಗೆ ಹೋದರು. ಸ್ಥಾವರ ಜಂಗಮಗಳ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದ ನಮಗೆ ಷೆಡ್ಡಿನ ಮೂಲೆಯೊಂದು ಅದನ್ನು ಮತ್ತೊಮ್ಮೆ ಹೇಳಿದಂತಾಯಿತು. ಹಳಸಿದ ಪೆಟ್ರೋಲು, ಸತ್ತ ಬ್ಯಾಟರಿ, ಕಿಲುಬು ಹಿಡಿದ ಪಾಯಿಂಟು, ಮುಚ್ಚಿದ ರಂಧ್ರ ಈ ನಾಲ್ಕೂ ಓಡಿದ್ದರಿಂದ ಬಂದ ದೋಷಗಳಲ್ಲ, ನಿಂತದ್ದರಿಂದ ಬಂದವು.

ನಿಮ್ಮ ಮನೆಯ ಮೂಲೆಯಲ್ಲಿಯೂ ಹೊದಿಕೆಯ ಕೆಳಗೆ ಇಂಥದೊಂದು ಗಾಡಿ ಇದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಂದು ಪ್ಲಗ್ ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳಿರಿ. ಜೊತೆಗೆ ಮಕ್ಕಳನ್ನೂ ಕರೆಯಿರಿ. ಅವರಿಗೆ ಆಗ ಬೇರೆ ಕೆಲಸವಿದ್ದರೆ, ಸ್ವಲ್ಪ ಕಾದು ಮತ್ತೊಮ್ಮೆ ಕರೆಯಿರಿ.